ತಂತಿ ಮಾವ

ರೇಡಿಯೋ ಗೊರಗುಟ್ಟಿತೆಂದರೆ ಏರಿಯಲ್ ತಂತಿ ಉದ್ದ ಮಾಡಬೇಕು. ಶಿರಸಿ ಸೀಮೆಯ ಮಾವಂದಿರಿಗೆ ಗೊತ್ತಿರುವ ರಿಪೇರಿ ಇದೊಂದೇ. ಮಾಡಿನಿಂದ ಅಡಿಕೆ ಮರಕ್ಕೆ 60 ಅಡಿ ತಾಮ್ರದ ತಂತಿ, ಈಚೆ ತುದಿ ರೇಡಿಯೋಕ್ಕೆ ನಾಲ್ಕು ಸುತ್ತು ಸುತ್ತಿ ಅರ್ಥಿಂಗಿಗೆ. ಊರಲ್ಲಿ ಅದು ಸರಿ. ಬಯಲುಸೀಮೆಯ ಮಗಳ ಮನೆಗೂ ಆ ಸುರುಳಿಯನ್ನು ಚೀಲದಲ್ಲಿ ಹೊತ್ತೊಯ್ದರೆ? ಮನೆ ಇರುವುದೇ ಮೀಡಿಯಂ ವೇವ್ ಟವರಿನ ಬುಡದಲ್ಲಿ. ನಮ್ಮ ಮಾವ ತಾರಸಿಯಿಂದ ನುಗ್ಗೆಮರಕ್ಕೆ ಕಟ್ಟಿಯೇ ಬಿಟ್ಟರು.

ಆಮೇಲೆ ಮುಳ್ಳು ತಿರುಗಿಸಿದ್ದಾರೆ. ಆ ಟವರಿನದೇ ಸ್ಟೇಷನ್ನು ಧಾರವಾಡ, 765 ಕಿಲೋಹರ್ಟ್ಸ್; ಅಲ್ಲಿ ಗೊಬ್ಬರದ ಮಾತು. 900ರಲ್ಲೂ ಗೊಬ್ಬರ. 1200ರಲ್ಲೂ ಅದೇ ಗೊಬ್ಬರ. 1530ಕ್ಕೆ ಬಂದರೆ ಗೊಬ್ಬರ ಇನ್ನೂ ಗಟ್ಟಿ. ನಿನ್ನೆ ಊಟದ ಹೊತ್ತಿಗೆ ಸರಿಯಾಗಿ ಫೋನು: "ನೋಡು ತಮಾ, ಮುಳ್ಳು ಎಲ್ಲಿಟ್ರೂ ಸ್ಟೇಷನ್ ಸಿಗ್ತು!" ಭದ್ರಾವತಿಯ 675 ಮಾತ್ರ ಸಿಗ್ತಿಲ್ಲೆ ಎಂಬುದು ಕೊನೆಗೆ ಬಂದ ದೂರು.

ಸಿಗುವುದಾದರೂ ಹೇಗೆ? ಟವರಿನ ಪಕ್ಕದಲ್ಲಿ ಉದ್ದ ತಂತಿ ಎಂದರೆ ತುಂಬಿದ ಹೊಳೆಗೆ ಕೊಡಪಾನ ಒಡ್ಡಿದ ಹಾಗೆ. ಮೊದಲ ಟ್ರಾನ್ಸಿಸ್ಟರೇ ಉಸಿರುಕಟ್ಟಿ, ಕ್ಷೀಣ ದನಿಗಳೆಲ್ಲ ಅದರಡಿ ಹೂತುಹೋಗುತ್ತವೆ. 1530 ಎಂದರೆ 765ರ ಇಮ್ಮಡಿ. ಅಲ್ಲಿ ಸಿಕ್ಕಿದ್ದು ಬೇರೆ ಸ್ಟೇಷನ್ನಲ್ಲ, 765ರದೇ ಮರಿ. ತುಕ್ಕು ಹಿಡಿದ ತಗಡಿನ ಬೋಲ್ಟು ಕೂಡ ಡಯೋಡಿನಂತೆ ಇಂಥ ಮರಿ ಹಾಕುತ್ತದೆ. ಕಾರವಾರದ ಉಪ್ಪುಗಾಳಿ ತಿಂದ ತಗಡುಗಳ ನಡುವೆ ಇಂಥ ಟವರು ಇದ್ದಿದ್ದರೆ ದೇವರೇ ಗತಿ.

ಮೊದಲು ತಂತಿ ಬಿಚ್ಚಬೇಕು. ರೇಡಿಯೋದೊಳಗೆ ಆಂಟೆನಾ ಆಗಿರುವ ಫೆರೈಟ್ ಕಡ್ಡಿಯ ತುದಿ ಟವರಿನ ಕಡೆ ಮುಖ ಮಾಡುವಂತೆ ನಿಧಾನಕ್ಕೆ ತಿರುಗಿಸಿದರೆ ಒಂದು ಕಡೆ ಗಲಾಟೆ ಕುಸಿಯುತ್ತದೆ. ಗೋಡೆಯ ವೈರಿಂಗು, ಕಬ್ಬಿಣದ ಕಿಟಕಿಯಿಂದ ದೂರವಿಟ್ಟು ತಿರುಗಿಸಬೇಕು, ಇಲ್ಲವಾದರೆ ಅವೇ ಮತ್ತೆ ಪ್ರಸಾರ ಮಾಡುತ್ತವೆ. ತಂತಿ ಬೇಕೇ ಬೇಕೆಂದರೆ ನಡುವೆ ಆ ಒಂದು ಸ್ಟೇಷನ್ನನ್ನಷ್ಟೇ ತಡೆಯುವ ಒಂದು ಟ್ರ್ಯಾಪು: ತೋಟದ 50 ಮಿ.ಮೀ. ಪಿವಿಸಿ ಪೈಪಿನ ತುಂಡಿಗೆ 0.5 ಮಿ.ಮೀ. ಎನಾಮಲ್ ತಂತಿ ಒತ್ತಾಗಿ 70 ಸುತ್ತು, ಸುಮಾರು 200 ಮೈಕ್ರೋಹೆನ್ರಿ. ಅದಕ್ಕೆ ಸಮಾಂತರವಾಗಿ ಹಳೇ ರೇಡಿಯೋದ ಗ್ಯಾಂಗು, ಅಂದರೆ ಸ್ಟೇಷನ್ ಹಿಡಿಯಲು ತಿರುಗಿಸುವ ಕೆಪಾಸಿಟರ್. 216 ಪಿಕೋಫ್ಯಾರಡ್ ಆಸುಪಾಸಿಗೆ ಬಂದಾಗ 765 ಅಡಗುತ್ತದೆ. ಗ್ಯಾಂಗನ್ನು ಕೂದಲೆಳೆಯಷ್ಟೇ ತಿರುಗಿಸಬೇಕು. ಮಾವ ಅದನ್ನು ಬಾವಿ ರಾಟೆಯಂತೆ ತಿರುಗಿಸುತ್ತಾರೆ.

ಬೈಯಲೂ ಮನಸ್ಸಾಗದು. ಮಳೆಗಾಲದ ರಾತ್ರಿ, ಕರೆಂಟಿಲ್ಲದ ಜಗಲಿಯಲ್ಲಿ, ಸೋಗೆಯ ಮೇಲಿನ ಸದ್ದಿನ ನಡುವೆ ಧಾರವಾಡದ ದನಿ ತೆಳ್ಳಗೆ ಬರುತ್ತಿದ್ದುದು ಆ ತಂತಿಯಿಂದಲೇ.

ಇವತ್ತು ಬೆಳಿಗ್ಗೆ ಫೋನಿನಲ್ಲೇ ಹೇಳಿಕೊಟ್ಟು ಟ್ರ್ಯಾಪು ಕೂಡಿಸಿಯಾಯಿತು. ಗೊಬ್ಬರ ಮಾಯ. ಅಡಿಯಿಂದ ಭದ್ರಾವತಿ ಸಣ್ಣಗೆ ಎದ್ದಿತು. ಮಾವ ಒಂದು ಗಳಿಗೆ ಕಿವಿಗೊಟ್ಟರು.

"ಸಣ್ಣಕೆ ಕೇಳ್ತು ತಮಾ. ಇನ್ನೊಂದು ಇಪ್ಪತ್ತಡಿ ತಂತಿ ಎಳೆಯನ?"