108ಕ್ಕೆ ಕರೆ ಮಾಡಿದವನ ಮೇಲೆ ಕೇಸು ಬೇಡವೇ?

ಪರ: ಮೊದಲು ಉಸಿರು, ಆಮೇಲೆ ಪಂಚನಾಮೆ

ಅಮಲಿನ ಮದ್ದು ಮಿತಿಮೀರಿ ಬಿದ್ದವನಿಗಾಗಿ 108ಕ್ಕೆ ಕರೆ ಮಾಡಿದವನ ಮೇಲೆ ಕೇಸು ಹಾಕದಂತೆ ಕಾಯ್ದೆ ತಿದ್ದಬೇಕು ಎಂಬುದು ನನ್ನ ವಾದ. ಬೈಕಿನಿಂದ ಬಿದ್ದವನನ್ನು ಆಸ್ಪತ್ರೆಗೆ ಸೇರಿಸಿದವನಿಗೆ ರಕ್ಷಣೆ ಇದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಕಲಂ ಸೇರಿದ್ದೇ ಅದಕ್ಕಾಗಿ. ಅಮಲಿನ ಮಾತ್ರೆ ನುಂಗಿ ಬಿದ್ದವನನ್ನು ಹೊತ್ತು ತಂದ ಗೆಳೆಯನಿಗೆ ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಅಂಥದ್ದೇನೂ ಇಲ್ಲ. 64ಎ ಇದೆಯಲ್ಲ ಎನ್ನುತ್ತೀರಿ. ಅದು ಚಟ ಬಿಡಲು ತಾನಾಗಿ ಚಿಕಿತ್ಸೆಗೆ ಬಂದವನಿಗೆ ಕೊಡುವ ವಿನಾಯಿತಿ. ಗೆಳೆಯ ತಾನೂ ಸೇವಿಸಿದ್ದರೆ, ಸೇವನೆಗೆ ಶಿಕ್ಷೆ ಹೇಳುವ 27ನೇ ಕಲಂ ಅವನ ಕುತ್ತಿಗೆಗೇ ಬರುತ್ತದೆ.

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆಯ ಮಹಡಿಯನ್ನು ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟಿದ್ದೆವು. ಒಂದು ರಾತ್ರಿ ಮೇಲೆ ದಡದಡ ಓಡಾಟ. ಹತ್ತಿ ನೋಡಿದರೆ ಒಬ್ಬ ಹುಡುಗ ಚಾಪೆಯ ಮೇಲೆ ಬಿದ್ದಿದ್ದಾನೆ. ತುಟಿ ನೀಲಿ, ಎದೆಯಿಂದ ಗೊರಗೊರ ಸದ್ದು. ಜೊತೆಯವರಿಬ್ಬರು ನೋವಿನ ಮಾತ್ರೆಯ ಖಾಲಿ ಸ್ಟ್ರಿಪ್‌ಗಳನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದಾರೆ! ಆಂಬ್ಯುಲೆನ್ಸ್‌ಗೆ ಯಾರೂ ಕರೆ ಮಾಡಿಲ್ಲ. "ಅಂಕಲ್, ಪೊಲೀಸರು ಬಂದರೆ ನಮ್ಮ ಓದು ಮುಗಿಯಿತು" ಎಂದು ಒಬ್ಬ ಕಾಲು ಹಿಡಿದ. ಕರೆ ನಾನೇ ಮಾಡಿದೆ. ಹುಡುಗ ಉಳಿದ.

ಅಂಥ ಕೆಲವು ನೋವಿನ ಮಾತ್ರೆಗಳಲ್ಲಿರುವ ಅಫೀಮಿನ ಜಾತಿಯ ಮದ್ದು ಮಿತಿಮೀರಿದರೆ ಉಸಿರಾಟವನ್ನು ನಡೆಸುವ ಮೆದುಳಿನ ಭಾಗವೇ ಮಂಕಾಗುತ್ತದೆ. ನಲಾಕ್ಸೋನ್ ಎಂಬ ಮದ್ದು ಅದನ್ನು ತಡೆಯಬಲ್ಲದು, ಆದರೆ ಅದು ಸಿಗುವತನಕ ರೋಗಿಯ ಜೀವ ಉಳಿದಿರಬೇಕಲ್ಲ! ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ 2007ರಲ್ಲೇ, ಕೆನಡಾ 2017ರಲ್ಲಿ, ಕರೆ ಮಾಡಿದವರಿಗೆ ಕಾನೂನಿನ ಆಸರೆ ಕೊಟ್ಟವು. ಮಾರುವವರು ನುಣುಚಿಕೊಳ್ಳುತ್ತಾರೆ ಎಂಬುದು ಹಳೆಯ ರಾಗ. ಮಾರುವವನು ಆಂಬ್ಯುಲೆನ್ಸ್ ಕರೆಸಿ ಬಾಗಿಲಲ್ಲಿ ಕಾಯುತ್ತ ನಿಲ್ಲುತ್ತಾನೆಯೇ?

ವಿರೋಧ: ಫೋನ್ ಮಾಡಿದರೆ ಸಾಕೇ?

ವಿರೋಧದ ಪಾಲು ನನಗೆ ಬಂದಿದೆ. ಗೆಳೆಯನನ್ನು ಉಳಿಸಿದ ಹುಡುಗನನ್ನು ಲಾಕಪ್ಪಿಗೆ ತಳ್ಳಿ ಎಂದು ನಾನೂ ಹೇಳಲಾರೆ. ಆದರೆ ವಕೀಲನಾಗಿ ಕೋರ್ಟಿನ ಮೆಟ್ಟಿಲು ಸವೆಸಿದವನಿಗೆ ವಿನಾಯಿತಿಗಳ ಹಣೆಬರಹ ಗೊತ್ತು. ಒಂದು ಕಲಂ ಸೇರಿಸಿದರೆ ನಾಳೆ ಸಿಕ್ಕಿಬಿದ್ದ ಪ್ರತಿಯೊಬ್ಬನೂ "ಸ್ವಾಮಿ, ಆಗಲೇ 108 ಒತ್ತುತ್ತಿದ್ದೆ" ಎನ್ನುತ್ತಾನೆ. ಮೋಜಿನ ಕೂಟಕ್ಕೆ ಮಾತ್ರೆಯ ಜೊತೆ ಚಾರ್ಜಾದ ಮೊಬೈಲ್ ಒಂದಿದ್ದರೆ ಆಯಿತು, ಲೈಸೆನ್ಸ್ ಸಿಕ್ಕಂತೆ.

ನಾಲ್ವರು ಕೂತಿದ್ದ ಕೋಣೆಗೆ ಮಾತ್ರೆ ತಂದವನು ಯಾರು? ಎಷ್ಟೋ ಸಲ ಅವನೂ ಆ ನಾಲ್ವರಲ್ಲೊಬ್ಬ. ಟ್ರಾಮಡಾಲ್‌ನಂಥ ನೋವಿನ ಮಾತ್ರೆಯೂ 2018ರಿಂದ ಎನ್‌ಡಿಪಿಎಸ್ ಕಾಯ್ದೆಯಡಿ ಬಂದಿದೆ. ಅದು ಚೀಟಿಯಿಲ್ಲದೆ ಯಾವ ಅಂಗಡಿಯಿಂದ ಬಂತು ಎಂಬುದನ್ನು ಕೇಸಿನ ಭಯವಿಲ್ಲದವನು ಏಕೆ ಹೇಳುತ್ತಾನೆ?

ಇನ್ನು 27ನೇ ಕಲಮಿನ ಶಿಕ್ಷೆ ಹೆಚ್ಚೆಂದರೆ ಒಂದು ವರ್ಷ. ವ್ಯಸನಿಯನ್ನು ಜೈಲಿನ ಬದಲು ಚಿಕಿತ್ಸೆಗೆ ಕಳುಹಿಸಲು 39ನೇ ಕಲಂ ನ್ಯಾಯಾಧೀಶರಿಗೆ ಅಧಿಕಾರ ಕೊಟ್ಟಿದೆ. ಠಾಣೆಗಳಿಗೆ ಒಂದು ಸುತ್ತೋಲೆ ಕಳುಹಿಸಿ, ಕರೆ ಮಾಡಿದವರನ್ನು ಗೋಳು ಹುಯ್ದುಕೊಳ್ಳಬೇಡಿ ಎಂದರೆ ಮುಗಿಯುವ ಕೆಲಸಕ್ಕೆ ಕಾಯ್ದೆ ತಿದ್ದುವ ಉಸಾಬರಿ ಏಕೆ?