ದ್ರಾಕ್ಷಿ ಕೊಯ್ದಾಯ್ತಲ್ಲ, ಬಲೆ ಇನ್ನೂ ಯಾಕೆ?

ಇವತ್ತು ಬೆಳಿಗ್ಗೆ ಆರೂವರೆಗೆ ನನ್ನ ಕೈಯಲ್ಲಿ ಒಂದು ಹಾಲಕ್ಕಿ, ಅಂದರೆ ಸಣ್ಣ ಗೂಬೆ ಇತ್ತು. ಹೆಬ್ಬೆರಳಿಗೆ ಕಚ್ಚಿದ್ದು ಈಗಲೂ ಉರಿಯುತ್ತಿದೆ. ಆದರೂ ಇವತ್ತೇ ಬರೆಯಬೇಕು. ನಾಳೆಗೆ ಬಿಟ್ಟರೆ ಸಿಟ್ಟು ಇಳಿದುಹೋಗುತ್ತದೆ, ಅದು ಇಳಿಯೋದು ನನಗೆ ಬೇಡ.

ನಮ್ಮೂರು ನಂದಿ ಬೆಟ್ಟದ ಬುಡದಲ್ಲಿದೆ ಅಂತ ನಿಮಗೆಲ್ಲ ಗೊತ್ತು. ಪಕ್ಕದ ತೋಟದಲ್ಲಿ ದ್ರಾಕ್ಷಿ ಕೊಯ್ದು ತಿಂಗಳಾಯಿತು. ಚಪ್ಪರದಲ್ಲಿ ಒಂದು ಗೊಂಚಲೂ ಇಲ್ಲ. ಹಕ್ಕಿ ಬರದಂತೆ ಕಟ್ಟಿದ ಬಲೆ ಮಾತ್ರ ಹಾಗೇ ಇದೆ. ಒಂದು ಕಡೆ ಕಲ್ಲುಕೂಚದಿಂದ ಬಿಚ್ಚಿಕೊಂಡು ಬೇಲಿ ಮೇಲೆ ಜೋತು ಬಿದ್ದಿದೆ. ಅಲ್ಲೇ ಈ ಹಾಲಕ್ಕಿ ತಲೆಕೆಳಗಾಗಿ ನೇತಾಡುತ್ತಿತ್ತು. ರಾತ್ರಿ ಹುಳಕ್ಕೋ ಇಲಿಗೋ ಬಂದಿರಬೇಕು. ಒದ್ದಾಡಿದಷ್ಟೂ ದಾರ ಬಿಗಿದಿದೆ.

ಟವೆಲ್ಲಿನಿಂದ ತಲೆ ಮುಚ್ಚಿದೆ. ಕತ್ತಲಾದರೆ ಹಕ್ಕಿ ಸ್ವಲ್ಪ ಸುಮ್ಮನಾಗುತ್ತದೆ. ಆಮೇಲೆ ಉಗುರು ಕತ್ತರಿಸೋ ಕಟರ್‌ನಲ್ಲಿ ಒಂದೊಂದೇ ಎಳೆ ಕತ್ತರಿಸಿದೆ. ಎಡ ರೆಕ್ಕೆಯ ಸಂದಿಯಲ್ಲಿ ನೈಲಾನ್ ಚರ್ಮದೊಳಗೇ ಇಳಿದಿತ್ತು. ಪುಕ್ಕ ಸರಿಸಿದರೆ ಒಣಗಿದ ರಕ್ತ. ಅಂಗೈಯಷ್ಟು ಜೀವ, ಮೈತುಂಬ ಬಿಳಿ ಚುಕ್ಕೆ. ಟವೆಲ್ ಜಾರಿದಾಗ ಆ ಹಳದಿ ಕಣ್ಣು ನನ್ನನ್ನೇ ನೋಡುತ್ತಿತ್ತು. ಕೊಕ್ಕಿನಿಂದ ಟಕ್ ಟಕ್ ಅಂತ ಸದ್ದು ಮಾಡುತ್ತಿತ್ತು. ಇಪ್ಪತ್ತು ನಿಮಿಷ ಹಿಡಿಯಿತು.

ಅದೇ ಬಲೆಯಲ್ಲಿ ನಾಲ್ಕು ಮಾರು ಆಚೆಗೆ ಒಂದು ರತ್ನಪಕ್ಷಿ, ಅದೇ ಕೆಂಬೂತ. ಸತ್ತು ಎಷ್ಟು ದಿನವಾಗಿತ್ತೋ, ಒಣಗಿ ಹಗುರವಾಗಿತ್ತು. ರೆಕ್ಕೆಯ ಕೆಂಪು ಮಾತ್ರ ಇನ್ನೂ ಹಾಗೇ ಇತ್ತು.

ನಮ್ಮ ಕಡೆ ಹೊರಟಾಗ ರತ್ನಪಕ್ಷಿ ಕಂಡರೆ ಹೋದ ಕೆಲಸ ಆಯಿತು ಅಂತಾರೆ. ಅಜ್ಜಿ ಬಸ್ಸಿಗೆ ತಡವಾದರೂ ನಿಂತು ಕೈ ಮುಗಿಯುತ್ತಿದ್ದಳು. ಬುಡುಬುಡುಕೆಯವನು ಬೆಳಗಿನ ಜಾವ ಬಾಗಿಲಿಗೆ ಬಂದು ಹಾಲಕ್ಕಿ ನುಡಿಯುತ್ತೆ, ಶುಭ ಆಗುತ್ತೆ ಅಂದರೆ ಮೊರದಲ್ಲಿ ರಾಗಿ ಕೊಡುತ್ತೇವೆ. ಶುಭ ಹೇಳೋ ಎರಡು ಹಕ್ಕಿಯೂ ಒಂದೇ ಬಲೆಯಲ್ಲಿ. ಇವು ಕಾಯಿ ಕದಿಯೋಕೆ ಬಂದವಲ್ಲ. ರತ್ನಪಕ್ಷಿಗೆ ಹುಳ, ಬಸವನಹುಳು, ಓತಿಕ್ಯಾತ ಬೇಕು. ಹಾಲಕ್ಕಿಗೆ ಜೀರುಂಡೆ, ಇಲಿಮರಿ ಬೇಕು. ತೋಟಕ್ಕೆ ಸಂಬಳವಿಲ್ಲದೆ ದುಡಿಯೋ ಆಳುಗಳು ಇವು.

ಬೆಳೆಗಾರರ ಕಷ್ಟ ನಿನಗೇನು ಗೊತ್ತು ಅಂತ ಕೇಳುವವರು ಇದ್ದೇ ಇರುತ್ತಾರೆ. ನನಗೆ ಗೊತ್ತು. ನಾನು ಓದಿದ್ದೇ ಬೆಂಗಳೂರು ಬ್ಲೂ ದ್ರಾಕ್ಷಿ ಮಾರಿದ ದುಡ್ಡಿನಲ್ಲಿ. 2013ರಲ್ಲಿ ಅದಕ್ಕೆ ಜಿಐ ಟ್ಯಾಗ್ (ಈ ಪ್ರದೇಶದ್ದೇ ಬೆಳೆ ಅನ್ನೋ ಸರ್ಕಾರಿ ಗುರುತು) ಬಂದಾಗ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು. ಗಿಣಿ, ಗೊರವಂಕ, ಪಿಕಳಾರ ಬಿದ್ದರೆ ಗೊಂಚಲು ಏನಾಗುತ್ತೆ ಅಂತ ಕಣ್ಣಾರೆ ನೋಡಿದ್ದೇನೆ. ಕಾಯಿ ಬಣ್ಣ ತಿರುಗಿದಾಗ ಬಲೆ ಕಟ್ಟಿ, ಬೇಡ ಅಂದವರು ಯಾರು? ಕಟ್ಟೋದನ್ನು ಬಿಗಿಯಾಗಿ ಕಟ್ಟಿ. ಸಣ್ಣ ಕಣ್ಣಿನ, ದಪ್ಪ ದಾರದ, ಎದ್ದು ಕಾಣೋ ಬಲೆ ತನ್ನಿ. ಕಣ್ಣಿಗೇ ಕಾಣದ ತೆಳು ನೈಲಾನ್ ಸಡಿಲವಾಗಿ ಜೋತುಬಿದ್ದರೆ ಅದೇ ಉರುಲು. ನಾನು ಕೇಳುತ್ತಿರೋದು ಕೊಯ್ಲಾದ ಮೇಲಿನ ಮಾತು. ಕಾಯಿಯೇ ಇಲ್ಲದ ಚಪ್ಪರವನ್ನು ಯಾರಿಂದ ಕಾಯುತ್ತಿದ್ದೀರಿ? ಆಳು ಸಿಗಲ್ಲ ಅನ್ನುತ್ತಾರೆ. ಬಿಸಿಲಿಗೆ ಬಿಟ್ಟರೆ ನೈಲಾನ್ ಪುಡಿಯಾಗಿ ಮತ್ತೆ ಹೊಸದಕ್ಕೆ ದುಡ್ಡು ಹಾಕಬೇಕಲ್ವಾ? ಸುತ್ತಿ ನೆರಳಲ್ಲಿಟ್ಟರೆ ಮುಂದಿನ ಬೆಳೆಗೂ ಆಗುತ್ತೆ.

ಒಂದು ವಿಷಯ ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ನಾನು ಹೈಸ್ಕೂಲಲ್ಲಿದ್ದಾಗ ಕೊಯ್ಲು ಮುಗಿದ ಮೇಲೆ ಬಲೆ ಸುತ್ತಿಡು ಅಂತ ಅಪ್ಪ ನನಗೆ ಹೇಳಿದ್ದರು. ನಾಳೆ, ನಾಡಿದ್ದು ಅಂತ ವಾರ ಕಳೆದೆ. ಒಂದು ಪಿಕಳಾರ ಸಿಕ್ಕಿ ಸತ್ತಿತು. ಪಕ್ಕದ ನಿಂಬೆ ಗಿಡದಲ್ಲಿ ಅದರ ಗೂಡಿತ್ತು, ಮೂರು ಮರಿ. ಜೊತೆ ಹಕ್ಕಿ ಎರಡು ದಿನ ಓಡಾಡಿತು. ಮೂರನೇ ದಿನ ಗೂಡಿನಿಂದ ಸದ್ದಿಲ್ಲ. ಇವತ್ತು ಇಷ್ಟು ಸಿಟ್ಟು ಬಂದಿದ್ದು ಅದಕ್ಕೇ ಇರಬೇಕು.

ಬೆಟ್ಟದ ಮೇಲೆ ಹಳದಿ ಕತ್ತಿನ ಪಿಕಳಾರ ನೋಡಲು ದೊಡ್ಡ ದೊಡ್ಡ ಲೆನ್ಸ್ ಹಿಡಿದು ಜನ ಬರುತ್ತಾರೆ. ಅದು ಬಂಡೆ, ಕುರುಚಲು ಇರೋ ಇಂಥ ಬೆಟ್ಟಗಳಲ್ಲೇ ಸಿಗೋ ಅಪರೂಪದ ಹಕ್ಕಿ, ಬರಲಿ, ಸಂತೋಷ. ಇಳಿಯುವಾಗ ದಾರಿ ಪಕ್ಕದ ತೋಟದ ಬಲೆಯನ್ನೂ ಒಮ್ಮೆ ನೋಡಿ. ನಮ್ಮವರೂ ಮನಸ್ಸು ಮಾಡಿದರೆ ಮಾಡುತ್ತಾರೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಮನೆಗಳ ನಡುವಿನ ಹುಣಸೆ ಮರದಲ್ಲೇ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ, ಊರಿನವರೇ ಕಾಯುತ್ತಾರೆ. ನಮಗೆ ಅಷ್ಟೂ ಬೇಡ, ಅರ್ಧ ದಿನದ ಕೆಲಸ ಇದು.

ಹಕ್ಕಿ ಸಿಕ್ಕಿಕೊಂಡಿದ್ದು ಕಂಡರೆ ಎಳೆಯಬೇಡಿ, ದಾರ ಕತ್ತರಿಸಿ. ಬಾಯಿಗೆ ನೀರು ಹಾಕಬೇಡಿ. ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿಡಿ. ಗಾಯ ಜಾಸ್ತಿ ಇದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ಹಾಲಕ್ಕಿಯನ್ನು ದಿನವಿಡೀ ಚಪ್ಪಲಿ ಡಬ್ಬದಲ್ಲಿಟ್ಟಿದ್ದೆ. ಸಂಜೆ ಮುಚ್ಚಳ ತೆಗೆದೆ. ಒಂದು ನಿಮಿಷ ಕೂತೇ ಇತ್ತು. ಆಮೇಲೆ ಹೊಂಗೆ ಮರದವರೆಗೆ ಹಾರಿತು, ಸ್ವಲ್ಪ ಎಡಕ್ಕೆ ವಾಲಿಕೊಂಡು. ಪಕ್ಕದ ತೋಟದ ಅಣ್ಣ ಬೇಲಿ ಹತ್ತಿರ ನಿಂತು ನೋಡಿದರು. ರತ್ನಪಕ್ಷಿಯನ್ನೂ ತೋರಿಸಿದೆ. ಏನೂ ಮಾತಾಡಲಿಲ್ಲ, ಮನೆಗೆ ಹೋಗಿ ಕುಡುಗೋಲು ತಂದರು. ಕತ್ತಲಾಗೋ ಹೊತ್ತಿಗೆ ಇಬ್ಬರೂ ಸೇರಿ ಎರಡು ಸಾಲಿನ ಬಲೆ ಇಳಿಸಿದೆವು. ಇನ್ನೂ ಐದು ಸಾಲಿದೆ. ಹತ್ತಿರ ಇರೋರು ನಾಳೆ ಏಳು ಗಂಟೆಗೆ ಬನ್ನಿ, ತಿಂಡಿ ನಮ್ಮನೆಯಲ್ಲಿ.