ವಿಳಾಸ ಬಿಟ್ಟುಹೋದ ಪ್ಯಾಕೇಜು

ನಿನ್ನೆ ಸಂಜೆ ಒಂದು ಪುಟ್ಟ ಪ್ಯಾಕೇಜು, ಅಂದರೆ ಬೇರೆ ಪ್ರೋಗ್ರಾಮುಗಳಲ್ಲಿ ಬಳಸಲು ಕಟ್ಟಿಟ್ಟ ಕೋಡು, ತಾರೀಕನ್ನು ಒಂದು ದಿನ ಹಿಂದೆ ತೋರಿಸುತ್ತಿತ್ತು. ಅಷ್ಟೇ ವಿಷಯ. ಕೋಡ್ ನೋಡಿ ಸರಿ ಮಾಡಿ ಎದ್ದುಬಿಡೋಣ ಅಂದುಕೊಂಡೆ. ಇಳಿಸಿಕೊಂಡ ಪ್ಯಾಕೇಜುಗಳು ಕೂರುವ ನೋಡ್ ಮಾಡ್ಯೂಲ್ಸ್ ಫೋಲ್ಡರಿನ ಒಳಗೆ ಇಣುಕಿದರೆ ಮಿನಿಫೈ ಮಾಡಿದ, ಅಂದರೆ ಜಾಗ ಉಳಿಸಲು ಒತ್ತಿ ಕುಗ್ಗಿಸಿದ, ಒಂದೇ ಒಂದು ಸಾಲು, ಅದೂ ಬಲಗಡೆಗೆ ಎಷ್ಟು ಸರಿಸಿದರೂ ಮುಗಿಯದ್ದು. ಪ್ಯಾಕೇಜುಗಳನ್ನು ತರಿಸುವ, ಕಳಿಸುವ ಸಾಧನ ಎನ್‌ಪಿಎಂ. ‘ಎನ್‌ಪಿಎಂ ರೆಪೊ’ ಅಂತ ಹೊಡೆದೆ. ಹೊಡೆದರೆ ಕೋಡ್ ಇರುವ ಪುಟ ಬ್ರೌಸರಿನಲ್ಲಿ ತಾನೇ ತೆರೆಯಬೇಕು. ರೆಪೊಸಿಟರಿ, ಅಂದರೆ ಮೂಲ ಕೋಡ್ ಇಟ್ಟಿರುವ ಜಾಗದ ವಿಳಾಸ, ಇಲ್ಲ ಅಂತ ಎರರ್ ಬಂತು.

ಪ್ಯಾಕೇಜಿನ ವಿವರಗಳಿರುವ ಪ್ಯಾಕೇಜ್ ಡಾಟ್ ಜೇಸನ್ ಫೈಲು ತೆಗೆದು ನೋಡಿದೆ. ಹೆಸರಿದೆ. ವರ್ಷನ್ 1.0.0. ಲೈಸೆನ್ಸ್ ಐಎಸ್‌ಸಿ. ಡಿಸ್ಕ್ರಿಪ್ಷನ್ ಖಾಲಿ. ಟೆಸ್ಟ್ ಓಡಿಸಿದರೆ ‘ನೋ ಟೆಸ್ಟ್ ಸ್ಪೆಸಿಫೈಡ್’. ಎಲ್ಲಾ ಎನ್‌ಪಿಎಂ ತಾನಾಗಿ ತುಂಬುವ ಉತ್ತರಗಳೇ. ಇದು ಯಾರ ಕೈಕೆಲಸ ಅಂತ ಅಲ್ಲಿಗೇ ಗೊತ್ತಾಯಿತು.

ನನ್ನ ಪಕ್ಕದ ಸೀಟಿನವನು ಹೊಸ ಪ್ಯಾಕೇಜು ಶುರುಮಾಡಲು ‘ಎನ್‌ಪಿಎಂ ಇನಿಟ್’ ಮಾಡುವುದನ್ನು ನೀವು ನೋಡಬೇಕು. ಅದು ಪಾಪ ಒಂದೊಂದಾಗಿ ಕೇಳುತ್ತದೆ, ಹೆಸರೇನು, ವಿವರಣೆ ಏನು, ಗಿಟ್ ರೆಪೊಸಿಟರಿ ಯಾವುದು, ಬರೆದವರು ಯಾರು. ಇವನು ಎಂಟರ್, ಎಂಟರ್, ಎಂಟರ್. ಕಣ್ಣು ಫೋನಿನ ಮೇಲೆ, ಒಂದು ಬೆರಳು ಎಂಟರ್ ಮೇಲೆ. ಕೊನೆಗೆ ‘ಇದು ಸರಿಯಾ?’ ಅಂತ ಕೇಳಿದಾಗಲೂ ಎಂಟರ್. ಎಲ್ಲದಕ್ಕೂ ಎಂಟರ್ ಒತ್ತುವುದಾದರೆ ಕಮಾಂಡಿನ ಜೊತೆ ‘ವೈ’ ಅಂತ ಒಂದು ಫ್ಲ್ಯಾಗ್ ಹಾಕಿದರೆ ಸಾಕು, ಅದು ಏನೂ ಕೇಳುವುದೇ ಇಲ್ಲ ಅಂತ ಹೇಳಿದ್ದೆ. ‘ಛೆ, ಏನು ಕೇಳ್ತಿದೆ ಅಂತ ನೋಡೋದು ಬೇಡ್ವಾ?’ ಅಂದ ಪುಣ್ಯಾತ್ಮ. ಮೊದಲು ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಸೇರಿಸಿ, ಅದಕ್ಕೆ ರೆಪೊಸಿಟರಿ ಜೋಡಿಸಿ, ಆಮೇಲೆ ಇನಿಟ್ ಮಾಡಿದ್ದರೆ ವಿಳಾಸ ತಾನಾಗಿ ತುಂಬಿಕೊಳ್ಳುತ್ತಿತ್ತು. ಇವನದು ಯಾವಾಗಲೂ ಉಲ್ಟಾ.

‘ಕೋಡ್ ಎಲ್ಲಿದೆ ಮಾರಾಯಾ?’

‘ನನ್ನ ಲ್ಯಾಪ್‌ಟಾಪಲ್ಲಿ.’

‘ತೋರಿಸು.’

‘ಇದರಲ್ಲಲ್ಲ. ಹಳೇದರಲ್ಲಿ.’

ಹೇಗೋ ಬ್ಯಾಕಪ್ಪಿನಿಂದ ಹುಡುಕಿ ತೆಗೆದು ಗಿಟ್‌ಗೆ ಹಾಕಿಸಿದೆ. ತಾರೀಕಿನ ತಪ್ಪು ತಿದ್ದಿದ್ದು ಎರಡೇ ನಿಮಿಷ. ರೆಪೊಸಿಟರಿ ಸಾಲು ಸೇರಿಸು ಅಂತ ಹೇಳಿ ನೀರು ಕುಡಿಯಲು ಎದ್ದೆ. ವಾಪಸ್ ಬರುವಷ್ಟರಲ್ಲಿ ಪಬ್ಲಿಶ್ ಆಗುತ್ತಿಲ್ಲ ಅಂತ ರಾಗ. ನೋಡಿದರೆ ‘ಪ್ರೈವೇಟ್: ಟ್ರೂ’ ಅಂತ ಹಾಕಿಟ್ಟಿದ್ದಾನೆ! ಹಳೇ ಎನ್‌ಪಿಎಂನಲ್ಲಿ ರೆಪೊಸಿಟರಿ ಇಲ್ಲ ಅನ್ನುವ ವಾರ್ನಿಂಗ್ ಬಾಯಿ ಮುಚ್ಚಿಸಲು ಇವನು ಕಲಿತಿದ್ದ ಮದ್ದು ಅದು. ವಾರ್ನಿಂಗ್ ಹೋಗುತ್ತದೆ, ನಿಜ. ಜೊತೆಗೆ ಪ್ಯಾಕೇಜನ್ನು ಪಬ್ಲಿಶ್ ಮಾಡುವುದಿಲ್ಲ ಅಂತ ಎನ್‌ಪಿಎಂ ಹಟ ಹಿಡಿಯುತ್ತದೆ.

ಅದನ್ನು ಅಳಿಸಿ, ವಿಳಾಸ ಹಾಕಿ, ಜೇಸನ್‌ನಲ್ಲಿ ಕೊನೆಗೆ ಉಳಿದಿದ್ದ ಒಂದು ಕಾಮಾ ಹುಡುಕಿ ತೆಗೆದು, 1.0.1 ಅಂತ ಕಳಿಸಿದೆವು. ಹಳೇ 1.0.0 ಮಾತ್ರ ವಿಳಾಸವಿಲ್ಲದೆ ಹಾಗೇ ಉಳಿಯಿತು. ಒಮ್ಮೆ ಹೋದ ವರ್ಷನ್ನನ್ನು ತಿದ್ದುವ ಹಾಗಿಲ್ಲವಲ್ಲ.

ಆ ಹುರುಪಿನಲ್ಲಿ, ನೋಡು ಸರಿಯಾಗಿ ಹಾಕಿದರೆ ಹೇಗಿರುತ್ತೆ ಅಂತ ತೋರಿಸಲು ನಾನು ಮೊಟ್ಟಮೊದಲು ಬರೆದ ಪ್ಯಾಕೇಜು ತೆಗೆದೆ. ಹೆಸರು, ವಿವರಣೆ, ರೆಪೊಸಿಟರಿ, ಒಂದೂ ಖಾಲಿ ಇಲ್ಲ. ಎಷ್ಟೋ ರಾತ್ರಿ ಕೂತು ಮಾಡಿದ್ದೆ ಅದನ್ನು. ಈಗಲೂ ವಾರಕ್ಕೆ ಮೂರೋ ನಾಲ್ಕೋ ಸಲ ಯಾರೋ ಇಳಿಸಿಕೊಳ್ಳುತ್ತಾರೆ. ಯಾರೋ ಏನೋ, ಯಾಕೋ ಏನೋ. ‘ಎನ್‌ಪಿಎಂ ರೆಪೊ’ ಹೊಡೆದೆ. ಬ್ರೌಸರ್ ತೆರೆಯಿತು. 404, ಪುಟವೇ ಇಲ್ಲ. ಕೋಡ್ ಇಟ್ಟಿದ್ದ ಆ ಖಾತೆಯನ್ನು ನಾನೇ ಯಾವತ್ತೋ ಅಳಿಸಿದ್ದೆ.

ಪಕ್ಕದವನು ಬಗ್ಗಿ ನೋಡಿದ. ಏನೂ ಅನ್ನಲಿಲ್ಲ. ಕೈ ಚಾಚಿ ನನ್ನ ಕೀಬೋರ್ಡಿನಲ್ಲಿ ಎಂಟರ್ ಒತ್ತಿದ.